ಟೆಂಡರ್ ತೆರೆಯುವವರಿಗೆ, ಟೆಂಡರ್ ಹಾಕಿಕೊಡುವವನ ಕಾಗದ

ಟೆಂಡರ್ ಕರೆಯುವ, ಕವರ್ ತೆರೆಯುವ, ಪರಿಶೀಲನಾ ಸಮಿತಿಯಲ್ಲಿ ಕೂರುವ ಎಲ್ಲ ಅಧಿಕಾರಿಗಳಿಗೆ ನಮಸ್ಕಾರ.

ಹೋದ ತಿಂಗಳು ಒಂದು ಪ್ರಿ-ಬಿಡ್ ಮೀಟಿಂಗ್‌ಗೆ, ಅಂದರೆ ಟೆಂಡರ್ ಹಾಕುವ ಮೊದಲು ಅನುಮಾನ ಕೇಳಿಕೊಳ್ಳೋಕೆ ಕರೆಯುವ ಸಭೆಗೆ, ಹೋಗಿದ್ದೆ. ಮಾತು ಮುಗಿಯುವ ಹೊತ್ತಿಗೆ ಇಂಜಿನಿಯರ್ ಸಾಹೇಬರೊಬ್ಬರು, 'ಚಾಟ್‌ಜಿಪಿಟಿಯಲ್ಲಿ ಬರೆಸಿದ ಟೆಂಡರ್ ಕಣ್ಣಿಗೆ ಬಿದ್ದರೆ ರಿಜೆಕ್ಟ್ ಮಾಡ್ತೀನಿ, ಹೇಳಿದೀನಿ ನೋಡಿ' ಅಂದರು. ಕೂತಿದ್ದ ಕಾಂಟ್ರಾಕ್ಟರುಗಳೆಲ್ಲ ಮೆಲ್ಲಗೆ ನನ್ನ ಕಡೆ ತಿರುಗಿದರು. ಯಾಕೆಂದರೆ ಅಲ್ಲಿದ್ದ ಒಂಬತ್ತು ಜನರಲ್ಲಿ ಐವರ ಟೆಂಡರ್ ಹಾಕಿಕೊಡುವವನು ನಾನೇ. ಅವತ್ತು ಸುಮ್ನೆ ಎದ್ದು ಬಂದೆ. ಹೇಳಬೇಕು ಅಂದುಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಕಾಂಟ್ರಾಕ್ಟರ್ ಅಲ್ಲ. ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಬೋರ್ಡಿನಲ್ಲಿ ಪಾನ್ ಕಾರ್ಡ್, ಪಹಣಿ, ರೈಲ್ವೆ ಟಿಕೆಟ್ ಅಂತೆಲ್ಲ ಇದೆ. ಆದರೆ ಹೊಟ್ಟೆಪಾಡು ನಡೆಯುವುದು ಕೊನೇ ಸಾಲಿನಿಂದ: 'ಇ-ಟೆಂಡರ್ ಹಾಕಿಕೊಡಲಾಗುವುದು'. ನನ್ನ ಟೇಬಲ್ಲಿನ ಕೆಳಗಿನ ಡ್ರಾದಲ್ಲಿ ಹಳೇ ಬಿಸ್ಕತ್ ಡಬ್ಬಿ ಒಂದಿದೆ. ಅದರ ತುಂಬ ಕಾಂಟ್ರಾಕ್ಟರುಗಳ ಡಿಜಿಟಲ್ ಸಹಿ ಇರುವ ಡಾಂಗಲ್‌ಗಳು, 26 ಇವೆ. ಒಂದೊಂದಕ್ಕೂ ಬಿಳಿ ಪ್ಲಾಸ್ಟರ್ ಸುತ್ತಿ ಪೆನ್ನಿನಲ್ಲಿ ಹೆಸರು ಬರೆದಿದ್ದೇನೆ. ಡಿಜಿಟಲ್ ಸಹಿಯನ್ನು ಇನ್ನೊಬ್ಬರ ಕೈಗೆ ಕೊಡಬಾರದು. ಇದು ನನಗೂ ಗೊತ್ತು, ಅವರಿಗೂ ಗೊತ್ತು, ನಿಮಗೂ ಗೊತ್ತು. ಆದರೂ ತಾಲ್ಲೂಕುಗಳಲ್ಲಿ ಕೆಲಸ ನಡೆಯುತ್ತಿರುವುದು ಹೀಗೇ. ಮೊದಲು ಇದನ್ನು ಒಪ್ಪಿಕೊಂಡರೆ ಮುಂದಿನ ಮಾತು ಸಲೀಸಾಗುತ್ತದೆ ಅಂತ ಹೇಳಿದೆ.

ಚಾಟ್‌ಬಾಟ್ ನನ್ನ ಅಂಗಡಿಗೆ ಹೇಗೆ ಬಂತು ಅನ್ನುವುದನ್ನು ಹೇಳುತ್ತೇನೆ. ನೀವು ಅಂದುಕೊಂಡ ಹಾಗೆ ಅದು ಟೆಂಡರ್ ಬರೆಯೋಕೆ ಬಂದದ್ದಲ್ಲ. ಓದೋಕೆ ಬಂತು.

ನಮ್ಮಲ್ಲಿ ಒಬ್ಬರು ಹಿರಿಯರಿದ್ದಾರೆ. ಗಾರೆ ಕೆಲಸದಿಂದ ಮೇಸ್ತ್ರಿಯಾಗಿ, ಮೇಸ್ತ್ರಿಯಿಂದ ಕಾಂಟ್ರಾಕ್ಟರ್ ಆದವರು. ಎಲ್ಲರೂ ಅಣ್ಣಾರು ಅಂತಲೇ ಕರೆಯುವುದು. ಚರಂಡಿಗೆ ಎಷ್ಟು ಇಳಿಜಾರು ಕೊಟ್ಟರೆ ನೀರು ನಿಲ್ಲಲ್ಲ ಅನ್ನುವುದನ್ನು ಕಣ್ಣಳತೆಯಲ್ಲೇ ಹೇಳುತ್ತಾರೆ. ಕನ್ನಡ ಪೇಪರ್ ಓದುತ್ತಾರೆ, ಇಂಗ್ಲಿಷ್ ಬರಲ್ಲ. ಒಂದು ಚರಂಡಿ ಕೆಲಸದ ಟೆಂಡರ್ ಪ್ರಿಂಟ್ ಹಿಡಿದುಕೊಂಡು ಬಂದರು. 112 ಪುಟ. 'ಏನ್ ಬರ್ದಾರಪ್ಪ ಇದ್ರಾಗೆ? ಯಾವ್ಯಾವ ಕಾಗ್ದ ಕೊಡ್ಬೇಕು ಅನ್ನೋದಷ್ಟು ಹೇಳು ಸಾಕು' ಅಂದರು. ಮೊದಲಾಗಿದ್ದರೆ ನಾನು ರಾತ್ರಿ ಕೂತು ಓದಿ, ಅರ್ಥವಾಗದ ಕಡೆ ದಾವಣಗೆರೆಯ ಒಬ್ಬರಿಗೆ ಫೋನ್ ಮಾಡಿ, ಎರಡು ದಿನ ಬಿಟ್ಟು ಹೇಳುತ್ತಿದ್ದೆ. ಅವತ್ತು ಫೈಲನ್ನು ಚಾಟ್‌ಬಾಟ್‌ಗೆ ಹಾಕಿ, 'ಇದರಲ್ಲಿ ಕೇಳಿರುವ ದಾಖಲೆಗಳನ್ನು ಕನ್ನಡದಲ್ಲಿ ಹೇಳು, ಪುಟದ ನಂಬರ್ ಜೊತೆಗೆ' ಅಂದೆ. ಒಂದು ನಿಮಿಷವೂ ಆಗಲಿಲ್ಲ, ಹನ್ನೊಂದು ದಾಖಲೆಗಳ ಪಟ್ಟಿ ಬಂತು. ಅಣ್ಣಾರು ಕನ್ನಡಕ ಏರಿಸಿಕೊಂಡು ಸ್ಕ್ರೀನಿನ ಮೇಲೆ ಬೆರಳಿಟ್ಟು ಒಂದೊಂದೇ ಓದಿದರು. ಇಪ್ಪತ್ತು ವರ್ಷದಿಂದ ಸರ್ಕಾರಿ ಕೆಲಸ ಮಾಡಿದವರು, ಟೆಂಡರ್ ಷರತ್ತನ್ನು ತಾವೇ ಓದಿದ್ದು ಅವತ್ತೇ ಮೊದಲು.

ಓದಿ ಮುಗಿಸಿ, 'ಛಾಪಾ ಕಾಗ್ದದ ಅಫಿಡವಿಟ್ ಎಲ್ಲಿ? ಅದಿಲ್ಲ ಅಂತ ಹೋದ್ಸಲ ಔಟ್ ಮಾಡಿದ್ರು' ಅಂದರು. ನೋಡಿದರೆ ಹೌದು, 94ನೇ ಪುಟದಲ್ಲಿತ್ತು, ಯಂತ್ರ ಅದನ್ನು ಬಿಟ್ಟುಬಿಟ್ಟಿತ್ತು. ಆ ಪುಟವನ್ನು ನಿಮ್ಮ ಕಚೇರಿಯವರು ಸೊಟ್ಟಗೆ ಸ್ಕ್ಯಾನ್ ಮಾಡಿ ಸೇರಿಸಿದ್ದರು. ಅದರ ಬದಲು ಯಂತ್ರ ಒಂದು ಐಎಸ್‌ಒ ಸರ್ಟಿಫಿಕೇಟ್ ಸೇರಿಸಿತ್ತು. ಟೆಂಡರಿನಲ್ಲಿ ಅದನ್ನು ಕೇಳಿಯೇ ಇರಲಿಲ್ಲ. ಅಲ್ಲಿಂದ ನಮ್ಮ ಅಂಗಡಿಯ ಪದ್ಧತಿ ಇದು: ಯಂತ್ರ ಹೇಳಿದ್ದಕ್ಕೆಲ್ಲ ಪುಟ ತೆಗೆದು ನೋಡಬೇಕು, ಹೇಳದೆ ಬಿಟ್ಟದ್ದನ್ನು ಅಣ್ಣಾರಂಥವರ ಹತ್ತಿರ ಕೇಳಬೇಕು.

1999ರಲ್ಲಿ ನಮ್ಮ ರಾಜ್ಯ ಸರ್ಕಾರಿ ಖರೀದಿಯ ಪಾರದರ್ಶಕತೆಗೆ ಅಂತಲೇ ಕಾಯ್ದೆ ಮಾಡಿತು. ಎಲ್ಲರೂ ಕೆಟಿಪಿಪಿ ಅನ್ನುತ್ತೇವೆ. ಆಮೇಲೆ ಟೆಂಡರ್ ಪೆಟ್ಟಿಗೆ ಹೋಗಿ ಆನ್‌ಲೈನ್ ಬಂತು, ಈಗ ಕೆಪಿಪಿಪಿ ಅನ್ನುವ ರಾಜ್ಯದ ಖರೀದಿ ಪೋರ್ಟಲ್ ಇದೆ. ಪೆಟ್ಟಿಗೆ ಮುಂದೆ ಯಾರೋ ನಿಂತು ಕವರ್ ಹಾಕದಂತೆ ತಡೆಯುವ ಕಾಲ ಹೋಯಿತು. ಇದು ಸಣ್ಣ ಮಾತಲ್ಲ, ನನ್ನ ಅಂಗಡಿ ನಡೆಯುತ್ತಿರುವುದೇ ಅದರಿಂದ. ಅದೇ ಕಾಯ್ದೆಗೆ ತಿದ್ದುಪಡಿ ತಂದು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ 17.15, ಪರಿಶಿಷ್ಟ ಪಂಗಡದವರಿಗೆ 6.95 ಪರ್ಸೆಂಟ್ ಮೀಸಲಿಟ್ಟಿರಿ. 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. ಹೀಗಾಗಿ ಮನೆಯಲ್ಲಿ ಮೊದಲ ಸಲ ಕಾಂಟ್ರಾಕ್ಟ್ ಲೈಸೆನ್ಸ್ ಮಾಡಿಸಿದ ಹುಡುಗರು ಅಂಗಡಿಗೆ ಬರುತ್ತಿದ್ದಾರೆ. ಬಾಗಿಲು ತೆರೆದಿರಿ ಸರಿ. ಹೊಸಿಲ ಮೇಲೆ 112 ಪುಟದ ಇಂಗ್ಲಿಷ್ ಇಟ್ಟಿದ್ದೀರಲ್ಲ? ಕನ್ನಡ ಆಡಳಿತ ಭಾಷೆ ಅಂತ 1963ರಲ್ಲೇ ಕಾಯ್ದೆ ಆಗಿದೆ. ನಮ್ಮೂರ ಚರಂಡಿ, ನಮ್ಮೂರ ಕಾಂಟ್ರಾಕ್ಟರ್, ನಮ್ಮೂರ ಇಂಜಿನಿಯರ್. ಮಧ್ಯೆ ಷರತ್ತು ಮಾತ್ರ ಇಂಗ್ಲಿಷ್. ಆ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುವ ಯಂತ್ರ ಸಿಕ್ಕಿದ ಕೂಡಲೇ ರಿಜೆಕ್ಟ್ ಮಾಡ್ತೀನಿ ಅಂದರೆ ಹೇಗೆ ಸ್ವಾಮಿ?

ಹಾಗಂತ ಯಂತ್ರದ ಪರ ವಕಾಲತ್ತು ಮಾಡೋಕೆ ಬಂದಿಲ್ಲ. ಅದು ಮಾಡಿದ ಯಡವಟ್ಟುಗಳನ್ನು ನಿಮಗಿಂತ ಜಾಸ್ತಿ ನಾನೇ ನೋಡಿದ್ದೇನೆ.

ಒಂದು ಲೆಕ್ಕ ಹೇಳುತ್ತೇನೆ, ನಿಮಗೆ ಚೆನ್ನಾಗಿ ಗೊತ್ತಿರುವುದೇ. ದೊಡ್ಡ ಕಾಮಗಾರಿಗೆ ಟೆಂಡರ್ ಹಾಕುವವನ ತಾಕತ್ತು ಅಳೆಯಲು ಒಂದು ಸೂತ್ರ ಇದೆ: ಎ ಗುಣಿಸು ಎನ್ ಗುಣಿಸು 1.5, ಅದರಲ್ಲಿ ಬಿ ಕಳೆ. ಎ ಅಂದರೆ ಹಿಂದಿನ ಐದು ವರ್ಷದಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತ. ಎನ್ ಅಂದರೆ ಈ ಕೆಲಸಕ್ಕೆ ಕೊಟ್ಟ ಅವಧಿ, ವರ್ಷದ ಲೆಕ್ಕದಲ್ಲಿ. ಬಿ ಅಂದರೆ ಈಗಾಗಲೇ ಕೈಯಲ್ಲಿರುವ ಕೆಲಸ. ಒಬ್ಬ ಹುಡುಗ 1.40 ಕೋಟಿಯ ರಸ್ತೆ ಕೆಲಸಕ್ಕೆ ಹಾಕಬೇಕು ಅಂತ ಬಂದ. ಅವನ ಎ 2 ಕೋಟಿ. ಅವಧಿ ಒಂಬತ್ತು ತಿಂಗಳು, ಅಂದರೆ 0.75. ಕೈಯಲ್ಲಿ 90 ಲಕ್ಷದ ಕೆಲಸ ಬಾಕಿ. ಚಾಟ್‌ಬಾಟ್ ಲೆಕ್ಕ ಹಾಕಿ 2.10 ಕೋಟಿ, ಧಾರಾಳವಾಗಿ ಅರ್ಹ ಅಂದಿತು. ಹುಡುಗ ಖುಷಿಯಾಗಿ ಇಎಂಡಿ (ಟೆಂಡರ್ ಠೇವಣಿ) ಕಟ್ಟೋಕೆ ಎದ್ದ. ನನಗೆ ಯಾಕೋ ಅನುಮಾನ. ಕ್ಯಾಲ್ಕ್ಯುಲೇಟರ್ ತೆಗೆದು ಒತ್ತಿದರೆ 1.35 ಕೋಟಿ ಬಂತು. ಐದು ಲಕ್ಷ ಕಡಿಮೆ! ಯಂತ್ರ 1.5ರ ಜಾಗದಲ್ಲಿ 2 ಹಾಕಿಕೊಂಡಿತ್ತು. ಬೇರೆ ಕಡೆಯ ಕೆಲವು ಟೆಂಡರುಗಳಲ್ಲಿ 2 ಇರುತ್ತದೆ, ಅಲ್ಲಿಂದ ಎತ್ತಿಕೊಂಡಿರಬೇಕು. ಮುಂದಿದ್ದ ದಾಖಲೆಯಲ್ಲಿ 1.5 ಅಂತ ಎದ್ದು ಕಾಣುವ ಹಾಗೆ ಬರೆದಿತ್ತು. ಅದು ಹೇಳಿದ ಧಾಟಿ ಹೇಗಿತ್ತು ಅಂದರೆ, ತಾಲ್ಲೂಕಿನಲ್ಲಿ ಮೂವತ್ತು ವರ್ಷ ಸರ್ವೀಸ್ ಮಾಡಿದ ಅಕೌಂಟೆಂಟ್ ಕೂಡ ಅಷ್ಟು ಧೈರ್ಯವಾಗಿ ಹೇಳಲ್ಲ.

ಇನ್ನೊಂದು ಇದಕ್ಕಿಂತ ಅಪಾಯದ್ದು. ಕೆಲಸವನ್ನು ಯಾವ ವಿಧಾನದಲ್ಲಿ ಮಾಡುತ್ತೀರಿ, ಬರೆದುಕೊಡಿ ಅಂತ ಕೇಳುತ್ತೀರಲ್ಲ? ಮೊದಲು ಅದನ್ನು ನಾವು ಹಳೇ ಟೆಂಡರಿನಿಂದ ಕಾಪಿ ಹೊಡೆಯುತ್ತಿದ್ದೆವು. ಹೆಸರು ಬದಲಿಸಿ, ಊರು ಬದಲಿಸಿ, ಕೆಲವು ಸಲ ಊರು ಬದಲಿಸೋದು ಮರೆತು. ಅದನ್ನು ಯಾರೂ ಓದುವುದಿಲ್ಲ ಅಂತ ನಮಗೆ ಆಗಲೇ ಗೊತ್ತಾಗಿತ್ತು. ಯಾಕೆಂದರೆ ಹರಿಹರದ ಹೆಸರಿದ್ದ ವಿಧಾನ ಹೊನ್ನಾಳಿಯ ಕೆಲಸಕ್ಕೆ ಪಾಸಾಗಿತ್ತು. ಈಗ ಆ ಜಾಗಕ್ಕೆ ಚಾಟ್‌ಬಾಟ್ ಬಂದಿದೆ. ಎಂಟು ಅಡಿ ಗಲ್ಲಿಯಲ್ಲಿ ಸಿಸಿ ರಸ್ತೆ ಮಾಡೋಕೆ ಅದು ಸ್ಲಿಪ್‌ಫಾರ್ಮ್ ಪೇವರ್ ಅನ್ನುವ, ದೊಡ್ಡ ರಸ್ತೆಗೆ ಕಾಂಕ್ರೀಟ್ ಹಾಸುವ ಮೆಷಿನ್ ತರುತ್ತೇವೆ ಅಂತ ಬರೆಯಿತು. ಆ ಗಲ್ಲಿಯಲ್ಲಿ ಟ್ರ್ಯಾಕ್ಟರ್ ತಿರುಗಿಸೋದೇ ಕಷ್ಟ. 24 ಗಂಟೆಯೂ ಸೈಟಿನಲ್ಲಿ ಒಬ್ಬ ಸುರಕ್ಷತಾ ಅಧಿಕಾರಿ ಇರುತ್ತಾರೆ ಅಂತಲೂ ಬರೆಯಿತು. ಓದೋಕೆ ಏನು ಚೆಂದ! ಆದರೆ ವರ್ಕ್ ಆರ್ಡರ್ ಆದ ಮೇಲೆ ನಾವು ಕೊಟ್ಟ ಟೆಂಡರ್ ಕರಾರಿನ ಭಾಗವೇ ಆಗುತ್ತದೆ. ನಾಳೆ ಯಾರಾದರೂ ಸಿಟ್ಟಿನ ಮೇಲೆ 'ಎಲ್ಲಪ್ಪ ನಿನ್ನ ಸುರಕ್ಷತಾ ಅಧಿಕಾರಿ' ಅಂತ ಬಿಲ್ ತಡೆದರೆ, ಚಾಟ್‌ಬಾಟ್ ಬಂದು ಕೈಕಟ್ಟಿ ನಿಲ್ಲುತ್ತಾ? ಮಾತು ಕೊಟ್ಟದ್ದು ಯಂತ್ರ, ಸಿಕ್ಕಿಹಾಕಿಕೊಳ್ಳುವುದು ಮನುಷ್ಯ.

ಇದು ಬರೀ ನಮ್ಮಂಥ ಸಣ್ಣವರ ಕಥೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಡೆಲಾಯ್ಟ್ ಅನ್ನುವ ದೊಡ್ಡ ಸಂಸ್ಥೆ ಅಲ್ಲಿನ ಸರ್ಕಾರಕ್ಕೆ ಸುಮಾರು 4.4 ಲಕ್ಷ ಆಸ್ಟ್ರೇಲಿಯನ್ ಡಾಲರಿನ ವರದಿ ಮಾಡಿಕೊಟ್ಟಿತು. ಅದರಲ್ಲಿ ಇಲ್ಲದ ಪುಸ್ತಕ, ಇಲ್ಲದ ಕೋರ್ಟ್ ಮಾತು ಎಲ್ಲ ಇದ್ದವು. 2025ರಲ್ಲಿ ಸ್ವಲ್ಪ ದುಡ್ಡು ವಾಪಸ್ ಕೊಡಬೇಕಾಯಿತು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಆದೇಶದಲ್ಲಿ ಎಲ್ಲೂ ಇಲ್ಲದ ತೀರ್ಪುಗಳ ಹೆಸರಿದ್ದು, ಆದೇಶವನ್ನೇ ಹಿಂದಕ್ಕೆ ಪಡೆದರು. ಇಂಗ್ಲಿಷ್ ಚೆನ್ನಾಗಿ ಬಲ್ಲವರ ಕಥೆಯೇ ಹೀಗಾದರೆ, ಇಂಗ್ಲಿಷಿಗೆ ಅಂತಲೇ ಯಂತ್ರ ಹಿಡಿದವರ ಗತಿ ಯೋಚಿಸಿ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಈಚೆಗೆ ಒಂದು ಕಚೇರಿಯ ಟೆಂಡರ್ ಡೌನ್‌ಲೋಡ್ ಮಾಡಿದೆ. ಯಾವ ಕಚೇರಿ ಅನ್ನುವುದು ಬೇಡ. ಹದಿನೇಳನೇ ಪುಟದಲ್ಲಿ, 'ಇಲ್ಲಿ ನಿಮ್ಮ ಇಲಾಖೆಯ ಹೆಸರು ಸೇರಿಸಿ' ಅಂತ ಇಂಗ್ಲಿಷಿನಲ್ಲಿ ಚೌಕ ಬ್ರಾಕೆಟ್ ಸಮೇತ ಹಾಗೇ ಉಳಿದಿತ್ತು. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕೆವು. ಅಂದರೆ ನೀವು ಟೆಂಡರ್ ಬರೆಸುವುದು ಯಂತ್ರದಿಂದ, ಉತ್ತರ ನಾವು ಬರೆಸುವುದೂ ಯಂತ್ರದಿಂದ. ಇನ್ನು ಪರಿಶೀಲನೆಗೂ ಯಂತ್ರ ಕೂರಿಸಿದರೆ ನಾವೆಲ್ಲ ಆರಾಮಾಗಿ ಟೀ ಕುಡಿಯಬಹುದು. ತಮಾಷೆ ಅಲ್ಲ, ಅಲ್ಬೇನಿಯಾ ದೇಶದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಟೆಂಡರ್ ನೋಡಿಕೊಳ್ಳೋಕೆ ಡಿಯೆಲ್ಲಾ ಅನ್ನುವ ಯಂತ್ರವನ್ನೇ ಮಂತ್ರಿ ಅಂತ ಘೋಷಿಸಿದರು. ಸುದ್ದಿ ಓದಿ ಹೇಳಿದಾಗ ಅಣ್ಣಾರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದ್ಕೆ ಟೀ ಕುಡ್ಸೋದು ಹೆಂಗೆ?' ಅಂದರು.

ರಿಜೆಕ್ಟ್ ಮಾಡ್ತೀನಿ ಅನ್ನುವ ಮಾತಿಗೆ ವಾಪಸ್ ಬರೋಣ. ಟೆಂಡರ್ ದಾಖಲೆಯಲ್ಲಿ ಬರೆದ ಮಾನದಂಡದ ಮೇಲೇ ಟೆಂಡರನ್ನು ಅಳೆಯಬೇಕು ಅನ್ನುವುದು ಕಾಯ್ದೆ. ಚಾಟ್‌ಬಾಟ್ ಬಳಸಬಾರದು ಅಂತ ದಾಖಲೆಯಲ್ಲಿ ಎಲ್ಲೂ ಇಲ್ಲದೆ ಬಾಯಿಮಾತಲ್ಲಿ ಹೇಳಿದರೆ ಅದು ನಿಲ್ಲಲ್ಲ. ಇನ್ನು ಕಂಡುಹಿಡಿಯುವುದು ಹೇಗೆ? ಇಂಗ್ಲಿಷ್ ಚೆನ್ನಾಗಿದೆ ಅಂತಲಾ? ದಾವಣಗೆರೆಯ ಕನ್ಸಲ್ಟೆಂಟ್‌ಗೆ ದುಡ್ಡು ಕೊಟ್ಟು ಬರೆಸಿದರೆ ಚೆನ್ನಾದ ಇಂಗ್ಲಿಷ್, ಫೋನಿನಲ್ಲಿ ಬರೆಸಿದರೆ ಕಳ್ಳ ಇಂಗ್ಲಿಷ್, ಹಾಗಾ?

ಆದರೆ ನೀವು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಒಂದಿದೆ. ಒಂದು ಪುರಸಭೆಯ ಕಡೆಯಿಂದ ಮ್ಯಾನ್‌ಪವರ್, ಅಂದರೆ ಕೆಲಸಗಾರರನ್ನು ಒದಗಿಸುವ, ಟೆಂಡರ್ ಇತ್ತು. ನನ್ನ ಗಿರಾಕಿಯೊಬ್ಬರು ಹಾಕಿದ್ದರು. ಅವರಿಗೆ ಮುಖ ಪರಿಚಯವೂ ಇಲ್ಲದ, ಬೇರೆ ಜಿಲ್ಲೆಯ ಇನ್ನೊಬ್ಬರೂ ಹಾಕಿದ್ದರು. ಟೆಕ್ನಿಕಲ್ ಕವರ್ ತೆರೆದರೆ ಇಬ್ಬರದೂ ಮೂರು ಪ್ಯಾರಾ ಹೆಚ್ಚುಕಮ್ಮಿ ಒಂದೇ. ಇಬ್ಬರೂ ಒಂದೇ ಯಂತ್ರಕ್ಕೆ ಒಂದೇ ಪ್ರಶ್ನೆ ಕೇಳಿದ್ದರು, ಅಷ್ಟೇ. ಸಮಿತಿಯವರು, 'ನೀವಿಬ್ಬರೂ ಮಾತಾಡ್ಕೊಂಡು ಹಾಕಿದೀರಾ?' ಅಂದರು. ತಪ್ಪಲ್ಲ, ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಮಾತಾಡಿಕೊಂಡು ಟೆಂಡರ್ ಹಾಕುವುದು 2002ರ ಸ್ಪರ್ಧಾ ಕಾಯ್ದೆ ಪ್ರಕಾರ ಕಾನೂನುಬಾಹಿರವೇ. ಎರಡು ಟೆಂಡರ್ ಒಂದೇ ಐಪಿ ವಿಳಾಸದಿಂದ ಹೋಗಿದ್ದರೆ ಸ್ಪರ್ಧಾ ಆಯೋಗ ಅದನ್ನೂ ಸಾಕ್ಷಿಯಾಗಿ ನೋಡುತ್ತದೆ. (ಹಾಗೆ ನೋಡಿದರೆ ನನ್ನ ಬಿಸ್ಕತ್ ಡಬ್ಬಿಯ 26 ಜನವೂ ಒಂದೇ ಗ್ಯಾಂಗು! ಊರಿನ ಅರ್ಧ ಕಾಂಟ್ರಾಕ್ಟರುಗಳ ಐಪಿ ನನ್ನ ಅಂಗಡಿಯದ್ದೇ.) ಇನ್ನು ಮೇಲೆ ಒಂದೇ ಥರದ ವಾಕ್ಯ ಸಿಕ್ಕಿದ ಮಾತ್ರಕ್ಕೆ ಒಳಒಪ್ಪಂದ ಅನ್ನೋ ಹಾಗಿಲ್ಲ. ಹಾಗೆಯೇ, ನಿಜವಾಗಿ ಒಳಒಪ್ಪಂದ ಮಾಡಿಕೊಂಡವರಿಗೆ 'ಯಂತ್ರ ಬರೆದದ್ದು ಸಾರ್' ಅನ್ನುವ ನೆಪ ಪುಕ್ಕಟೆ ಸಿಕ್ಕಿತು. ನಿಮ್ಮ ಕೆಲಸ ಕಷ್ಟವಾಗಿರುವುದು ಇಲ್ಲಿ. ಇದಕ್ಕೆ ಪ್ರಿ-ಬಿಡ್ ಮೀಟಿಂಗಿನ ಬೆದರಿಕೆ ಸಾಕಾಗಲ್ಲ.

ಬ್ರಿಟನ್ ಸರ್ಕಾರ 2024ರ ಮಾರ್ಚ್‌ನಲ್ಲಿ ತನ್ನ ಇಲಾಖೆಗಳಿಗೆ ಒಂದು ಸೂಚನೆ ಕೊಟ್ಟಿತು. ಟೆಂಡರ್ ಬರೆಯೋಕೆ ಎಐ ಬಳಸಿದ್ದೀರಾ ಅಂತ ಕೇಳಬಹುದು, ಆದರೆ ಆ ಉತ್ತರಕ್ಕೆ ಅಂಕ ಕೊಡುವುದಾಗಲಿ ಕಳೆಯುವುದಾಗಲಿ ಬೇಡ ಅನ್ನುವುದು ಅದರ ತಿರುಳು. ನನಗೆ ಇದು ಹಿಡಿಸಿತು. ನಮ್ಮಲ್ಲೂ ಒಂದು ಸಾಲಿನ ಘೋಷಣೆ ಸಾಕು: 'ಈ ಟೆಂಡರಿನ ಇಂತಿಂಥ ಭಾಗವನ್ನು ಯಂತ್ರದ ಸಹಾಯದಿಂದ ಬರೆದಿದ್ದೇನೆ, ಪೂರ್ತಿ ಓದಿ ಅರ್ಥ ಮಾಡಿಕೊಂಡಿದ್ದೇನೆ, ಜವಾಬ್ದಾರಿ ನನ್ನದೇ.' ಅದನ್ನು ಮಾತ್ರ ಕನ್ನಡದಲ್ಲಿ ಇಡಿ. ಸಹಿ ಮಾಡುವವನಿಗೆ ಏನಕ್ಕೆ ಸಹಿ ಮಾಡುತ್ತಿದ್ದೇನೆ ಅಂತ ಗೊತ್ತಾಗಬೇಕಲ್ವಾ.

ವಿಧಾನ ಬರೆಯಿರಿ ಅಂತ ಇನ್ನು ಮೇಲೆ ಕೇಳಬೇಡಿ ಅನ್ನುವುದೇ ನನ್ನ ಅಭಿಪ್ರಾಯ. ಕೇಳುವುದಾದರೆ ಯಂತ್ರಕ್ಕೆ ಗೊತ್ತಿರದ್ದನ್ನು ಕೇಳಿ. ಆ ಗಲ್ಲಿಯ ಕೊನೆಯಲ್ಲಿ ನೀರಿನ ಪೈಪ್ ಎಷ್ಟು ಆಳದಲ್ಲಿದೆ? ಸಂತೆ ದಿನ ಜಲ್ಲಿ ಎಲ್ಲಿ ಇಳಿಸುತ್ತೀಯ? ಯಾವ ಕ್ರಷರ್‌ನಿಂದ ತರುತ್ತೀಯ, ಎಷ್ಟು ಕಿಲೋಮೀಟರ್? ಸೈಟಿಗೆ ಹೋಗಿ ನೋಡಿಬಂದವನು ಅರ್ಧ ಪುಟದಲ್ಲಿ ಕನ್ನಡದಲ್ಲೇ ಬರೆಯುತ್ತಾನೆ. ಹೋಗದವನು ಹತ್ತು ಪುಟ ಇಂಗ್ಲಿಷ್ ಕೊಟ್ಟರೂ ಸಿಕ್ಕಿಬೀಳುತ್ತಾನೆ. ಮತ್ತೆ, ಪ್ರತಿ ಟೆಂಡರಿನ ಮೊದಲ ಪುಟದಲ್ಲಿ ಬೇಕಾದ ದಾಖಲೆಗಳ ಪಟ್ಟಿಯನ್ನು ಕನ್ನಡದಲ್ಲಿ ಹಾಕಿ. ಸೊಟ್ಟ ಸ್ಕ್ಯಾನ್ ಬಿಟ್ಟು ನೆಟ್ಟಗಿನ ಫೈಲ್ ಕೊಡಿ. ಇಷ್ಟು ಮಾಡಿದರೆ ನಮ್ಮ ಅಂಗಡಿಯ ಚಾಟ್‌ಬಾಟ್ ಕೆಲಸ ಅರ್ಧಕ್ಕರ್ಧ ಕಡಿಮೆ ಆಗುತ್ತದೆ. ನನ್ನ ಆದಾಯವೂ ಕಡಿಮೆ ಆಗುತ್ತದೆ, ಇರಲಿ.

ನೀವು ಪರಿಶೀಲನೆಗೆ ಯಂತ್ರ ಬಳಸುತ್ತಿದ್ದರೆ ಅದನ್ನೂ ಹೇಳಿಬಿಡಿ. ಟೆಂಡರಿನಲ್ಲಿ ಅನ್ಯಾಯವಾದರೆ ಮೇಲ್ಮನವಿ ಹಾಕಲು ಕೆಟಿಪಿಪಿ ಕಾಯ್ದೆಯ 16ನೇ ಕಲಂ ಇದೆ. ಯಾಕೆ ಔಟ್ ಆದೆ ಅಂತ ಗೊತ್ತಿದ್ದರೆ ತಾನೆ ಮೇಲ್ಮನವಿ? 'ಸಿಸ್ಟಮ್ ಹಾಗೆ ತೋರಿಸಿತು' ಅಂದರೆ ನಾವು ಯಾರ ಮೇಲೆ ಹಾಕೋಣ?

ನನ್ನ ಅಂಗಡಿಯಲ್ಲಿ ಎರಡು ಕೆಲಸ ಮಾತ್ರ ಯಂತ್ರದಿಂದ ಮಾಡಿಸಲ್ಲ. ಒಂದು, ಸುಳ್ಳು ಕಾಗದ. ಮಾಡದ ಕೆಲಸಕ್ಕೆ ವರ್ಕ್ ಡನ್ ಸರ್ಟಿಫಿಕೇಟ್ 'ರೆಡಿ' ಮಾಡಿಕೊಡು ಅಂತ ಕೇಳಿದವರಿದ್ದಾರೆ, ಈಗ ಸೀಲು ಸಹಿ ಸಮೇತ ಮಾಡುವುದು ಸುಲಭವೂ ಆಗಿದೆ. ಅಂಥವರನ್ನು ಅಂಗಡಿ ಮೆಟ್ಟಿಲಿಂದಲೇ ಕಳಿಸಿದ್ದೇನೆ, ಬೇರೆ ಅಂಗಡಿಗೆ ಹೋಗಿರುತ್ತಾರೆ. ನೀವು ಕೊಡುವ ಸರ್ಟಿಫಿಕೇಟಿಗೆ ಒಂದು ಕ್ಯೂಆರ್ ಕೋಡ್ ಹಾಕಿದರೆ ಈ ರಗಳೆಯೇ ಇರಲ್ಲ. ಎರಡನೆಯದು, ರೇಟು. ಅಂದಾಜು ಮೊತ್ತಕ್ಕಿಂತ ಎಷ್ಟು ಪರ್ಸೆಂಟ್ ಬಿಲೋ, ಅಂದರೆ ಕಡಿಮೆ, ಹಾಕುತ್ತಾರೆ ಅನ್ನುವುದನ್ನು ನಾನು ಚಾಟ್‌ಬಾಟ್‌ಗೆ ಟೈಪ್ ಮಾಡಲ್ಲ. ಕಚೇರಿಯ ಗುಟ್ಟು ಹೊರಗೆ ಹೋಗುತ್ತದೆ ಅಂತ ಕೇಂದ್ರದ ಹಣಕಾಸು ಇಲಾಖೆಯೇ 2025ರ ಜನವರಿಯಲ್ಲಿ ತನ್ನ ನೌಕರರಿಗೆ ಆಫೀಸ್ ಕಂಪ್ಯೂಟರಿನಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬೇಡ ಅಂದಿದೆ. ನಮ್ಮ ಗಿರಾಕಿಗಳ ಗುಟ್ಟು ಅಂದರೆ ಆ ಒಂದು ಅಂಕಿ ತಾನೆ. ಒಂದು ಸಲ ಅಣ್ಣಾರೇ ತಮಾಷೆಗೆ, 'ಎಷ್ಟು ಬಿಲೋ ಹಾಕ್ಲಿ ಅಂತ ಕೇಳು ನೋಡಾನ' ಅಂದಿದ್ದರು. ಕೆಲಸದ ಹೆಸರು ಹೇಳದೆ ಕೇಳಿದೆ. ಐದರಿಂದ ಎಂಟು ಪರ್ಸೆಂಟ್ ಅಂದಿತು. 'ಹಳ್ಳದ ಮಣ್ಣು ಅದು, ಅಗ್ದ್ರೆ ನೀರು ಬರ್ತತಿ. ಎಂಟು ಬಿಲೋ ಹಾಕಿದ್ರೆ ಮನೆ ಪತ್ರ ಅಡಾ ಇಡ್ಬೇಕಾಗ್ತತಿ' ಅಂತ ನಕ್ಕು, ರೇಟನ್ನು ಒಂದು ಚೀಟಿಯಲ್ಲಿ ಬರೆದು ಮಡಚಿ ಕೊಟ್ಟರು. ಯಾವಾಗಲೂ ಹಾಗೇ. ಟೈಪ್ ಮಾಡಿ ಅಪ್‌ಲೋಡ್ ಆದ ಮೇಲೆ ಚೀಟಿ ವಾಪಸ್ ಇಸ್ಕೊಂಡು ಹರಿದು ಹಾಕುತ್ತಾರೆ.

ನಾಳೆ ಸಂಜೆ ನಾಲ್ಕಕ್ಕೆ ಅವರದ್ದೇ ಒಂದು ಟೆಂಡರ್ ಕ್ಲೋಸ್ ಆಗುತ್ತದೆ. ಈಗ ಛಾಪಾ ಕಾಗದ ತರಲು ಹೋಗಿದ್ದಾರೆ, ಬಂದ ಮೇಲೆ ಕೂರಬೇಕು. ಈ ಕಾಗದಕ್ಕೆ ಉತ್ತರ ಕೊಡಬೇಕು ಅನ್ನಿಸಿದರೆ ಕೊರಿಜೆಂಡಮ್ (ಟೆಂಡರ್ ತಿದ್ದುಪಡಿ ಸೂಚನೆ) ಆಗಿಯೇ ಹಾಕಿ. ಅದನ್ನಂತೂ ನಾವು ದಿನಕ್ಕೆರಡು ಸಲ ತೆಗೆದು ನೋಡುತ್ತೇವೆ.

ಇಂತಿ,
ತಾಲ್ಲೂಕು ಕೇಂದ್ರವೊಂದರಲ್ಲಿ ಟೆಂಡರ್ ಹಾಕಿಕೊಡುವವನು